ವಿಟಮಿನ್ ಇ ಬಗ್ಗೆ ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವಿಟಮಿನ್ ಇ ಕೋಶಗಳ ಮೇಲೆ, ಜೀನ್‌ಗಳ ಮೇಲೂ ಕೆಲಸ ಮಾಡುತ್ತದೆ, ಅದಕ್ಕೇ ಎಲ್ಲರೂ ಮಾತ್ರೆ ತಗೊಳ್ಳಿ ಅಂತ ನಿನ್ನೆ ರಾತ್ರಿ ಇಲ್ಲಿ ಬಂದ ಫಾರ್ವರ್ಡ್ ಅನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದರಲ್ಲಿ ಅರ್ಧ ನಿಜ, ಅರ್ಧ ಸುಮ್ನೆ ಉತ್ಸಾಹ.

ವಿಟಮಿನ್ ಇ ಎಂದರೆ ಆಂಟಿಆಕ್ಸಿಡೆಂಟ್, ಅಂದರೆ ಆಕ್ಸಿಡೀಕರಣದಿಂದ ಕೋಶಗಳಿಗೆ ಆಗುವ ಹಾನಿ ತಡೆಯುವ ವಸ್ತು ಅಂತ ಎಲ್ಲರೂ ಕೇಳಿದ್ದೇವೆ. ಅದಷ್ಟೇ ಅಲ್ಲ. 1991ರಲ್ಲಿ ವಿಜ್ಞಾನಿ ಆಂಜೆಲೊ ಆಝಿ ಮತ್ತು ಜೊತೆಗಾರರು ರಕ್ತನಾಳದ ಸ್ನಾಯುಕೋಶಗಳ ಮೇಲೆ ಇದನ್ನು ಪರೀಕ್ಷಿಸಿದರು. ವಿಟಮಿನ್ ಇ ಯ ಒಂದು ರೂಪವಾದ ಆಲ್ಫಾ ಟೊಕೊಫೆರಾಲ್ ಹಾಕಿದರೆ ಕೋಶಗಳು ಬೆಳೆಯುವ ವೇಗ ಇಳಿಯಿತು. ಕೋಶದೊಳಗೆ ಸಂದೇಶ ದಾಟಿಸುವ 'ಪ್ರೋಟೀನ್ ಕೈನೇಸ್ ಸಿ' ಎಂಬ ಕಿಣ್ವದ ಕೆಲಸ ತಣ್ಣಗಾಗಿತ್ತು. ಮಜಾ ಇರುವುದು ಮುಂದೆ. ವಿಟಮಿನ್ ಇ ಯ ಇನ್ನೊಂದು ರೂಪವಾದ ಬೀಟಾ ಟೊಕೊಫೆರಾಲ್ ಕೂಡ ಒಳ್ಳೆಯ ಆಂಟಿಆಕ್ಸಿಡೆಂಟೇ. ರಚನೆಯಲ್ಲಿ ಒಂದು ಮೀಥೈಲ್ ಗುಂಪು (ಪುಟ್ಟ ಅಣುಗುಂಪು) ಕಡಿಮೆ, ಅಷ್ಟೇ. ಆದರೆ ಅದು ಈ ಕೆಲಸ ಮಾಡಲಿಲ್ಲ! ಅಂದರೆ ಇದು ಆಂಟಿಆಕ್ಸಿಡೆಂಟ್ ಗುಣದ ಫಲವಲ್ಲ, ಅಲ್ವಾ?

ಜೀನ್‌ಗಳ ವಿಷಯವೂ ಹೀಗೇ. ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ('ಕೆಟ್ಟ ಕೊಲೆಸ್ಟ್ರಾಲ್') ಕೊಬ್ಬನ್ನು ಕೋಶದೊಳಗೆ ಎಳೆದುಕೊಳ್ಳುವ ಸಿಡಿ36 ಎಂಬ ಪ್ರೋಟೀನ್ ಇದೆ. ಆಲ್ಫಾ ಟೊಕೊಫೆರಾಲ್ ಕೊಟ್ಟಾಗ ಅದರ ಜೀನ್ ಕಡಿಮೆ ಕೆಲಸ ಮಾಡುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ. ಜೀನ್ ಬದಲಾಗುವುದಿಲ್ಲ, ಅದರ ಸದ್ದು ತಗ್ಗುತ್ತದೆ.

ಹಾಗಂತ ಮಾತ್ರೆ ನುಂಗಲು ಹೊರಡಬೇಡಿ. ಅಮೆರಿಕದ 'ಸೆಲೆಕ್ಟ್' ಎಂಬ ಅಧ್ಯಯನದಲ್ಲಿ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಇ ತೆಗೆದುಕೊಂಡ ಗಂಡಸರಲ್ಲಿ, ಔಷಧಿಯಿಲ್ಲದ ಡಮ್ಮಿ ಮಾತ್ರೆ ತಗೊಂಡವರಿಗಿಂತ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಕಂಡಿತು (2011ರ ವರದಿ). ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಔಷಧಿ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕಡಲೆಕಾಯಿ, ಬಾದಾಮಿ, ಸೂರ್ಯಕಾಂತಿ ಎಣ್ಣೆಯಲ್ಲಿ ಇದು ಇದ್ದೇ ಇದೆ.