ಉಪ್ಪಿಟ್ಟು ಮತ್ತು ಖಾರಾಬಾತ್

ಮ್ಯಾಂಚೆಸ್ಟರ್
ಭಾನುವಾರ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಮಳೆ ಎಂದಿನಂತೆ ಜಿಟಿಜಿಟಿ. ಅಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬಿ ತಳ ಕಂಡಿದೆ. ರಾಕ್ ಸಂಗೀತದಲ್ಲಿ ಪಂಕ್‌ಗೂ ನ್ಯೂ ವೇವ್‌ಗೂ ಏನು ವ್ಯತ್ಯಾಸ ಎಂದು ನೀನು ಕೇಳಿದಾಗ ಫೋನಿನಲ್ಲಿ ತಡವರಿಸಿದೆ. ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ದಿನವೂ ಬಸ್ ಹತ್ತುವ ಪಿಕಡಿಲಿಯಲ್ಲಿ ರಾಬರ್ಟ್ ಪೀಲ್ ಪ್ರತಿಮೆಯಿದೆ. ಅದರ ಬುಡದಲ್ಲಿ ಬಜ್‌ಕಾಕ್ಸ್ ಎಂಬ ಪಂಕ್ ತಂಡದ ನಾಲ್ವರು ತೆಗೆಸಿಕೊಂಡ ಪೋಲರಾಯ್ಡ್ ಫೋಟೋವೇ ಅವರ ಮೊದಲ ರೆಕಾರ್ಡಿನ ಮುಖಪುಟ. 1977ರ ಜನವರಿಯ ಮಾತು. ಕಂಪನಿಗಳ ಹಂಗಿಲ್ಲದೆ, ಸುಮಾರು 500 ಪೌಂಡ್ ಸಾಲ ಮಾಡಿ ತಾವೇ ಹೊರತಂದ ನಾಲ್ಕು ಹಾಡುಗಳು. ಮೊನ್ನೆ ಅಂಗಡಿಯೊಂದರಲ್ಲಿ ಅದರ ಮರುಮುದ್ರಣ ಸಿಕ್ಕಿತು. ಯಾವ ಹಾಡು ಎಷ್ಟನೆಯ ಸಲಕ್ಕೆ ಕೂಡಿಬಂತು ಎಂಬುದನ್ನೂ ಹಿಂಬದಿಯಲ್ಲಿ ಅಚ್ಚು ಹಾಕಿದ್ದಾರೆ. ಹೆಚ್ಚಿನವು ಮೊದಲ ಸಲಕ್ಕೇ! ಒಂದು ಹಾಡಿನ ಗಿಟಾರ್ ಸೋಲೋ ಎಂದರೆ ಬರೀ ಎರಡು ಸ್ವರ, ಮತ್ತೆ ಮತ್ತೆ. ನಮ್ಮ ಸಂಗೀತದ ಮೇಷ್ಟರು ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದರು.

ತಮಾಷೆ ಇರುವುದು ಮುಂದೆ. ಅದರಲ್ಲಿ ಹಾಡಿದ ಹೋವರ್ಡ್ ಡಿವೋಟೊ, ರೆಕಾರ್ಡ್ ಬಂದ ಬೆನ್ನಿಗೇ ತಂಡ ಬಿಟ್ಟು ಮ್ಯಾಗಜೀನ್ ಎಂಬ ಇನ್ನೊಂದನ್ನು ಕಟ್ಟಿದ. ಅಲ್ಲಿ ಕೀಬೋರ್ಡ್ ಬಂತು, ಓಟದ ಲಯ ಸ್ವಲ್ಪ ತಣಿಯಿತು. ಜನ ಅದನ್ನು ನ್ಯೂ ವೇವ್ ಎಂದರು. ಪೋಸ್ಟ್ ಪಂಕ್ ಎಂದು ಜಗಳಕ್ಕೆ ನಿಲ್ಲುವವರೂ ಇದ್ದಾರೆ, ಇರಲಿ. ಆದರೆ 1978ರಲ್ಲಿ ಬಂದ ಅವರ ಮೊದಲ ಹಾಡಿನ ಗಿಟಾರ್ ಪಲುಕು ಹಳೆಯ ಜೊತೆಗಾರ ಪೀಟ್ ಶೆಲ್ಲಿ ಕೊಟ್ಟದ್ದು. ಶೆಲ್ಲಿ ಅದನ್ನೇ ಬಜ್‌ಕಾಕ್ಸ್ ಹಾಡೊಂದರಲ್ಲೂ ನುಡಿಸಿದ. ಪಲುಕು ಒಂದೇ, ಕಪಾಟು ಎರಡು.

ಹೆಸರಿನಲ್ಲಿ ವ್ಯಾಪಾರವೂ ಇತ್ತು. ಪಂಕ್ ಎಂದರೆ ಅಮೆರಿಕದ ರೇಡಿಯೋದವರು ಮುಖ ಸಿಂಡರಿಸುತ್ತಿದ್ದರು. ಹಾಗಾಗಿ ಅಲ್ಲಿನ ರೆಕಾರ್ಡ್ ಕಂಪನಿ ಸೈರ್ ರೆಕಾರ್ಡ್ಸ್‌ನ ಸೀಮೋರ್ ಸ್ಟೈನ್ ತನ್ನ ತಂಡಗಳನ್ನು ನ್ಯೂ ವೇವ್ ಎಂದೇ ಕರೆಯಬೇಕೆಂದು ಪಟ್ಟುಹಿಡಿದ. 1975ರಲ್ಲಿ ನ್ಯೂಯಾರ್ಕ್‌ನ ಸಿಬಿಜಿಬಿ ಕ್ಲಬ್ಬಿನಲ್ಲಿ ಪಂಕ್ ತಂಡ ರಮೋನ್ಸ್‌ಗಿಂತ ಮುಂಚೆ ವೇದಿಕೆ ಹತ್ತಿ ನುಡಿಸಿದವರು ಆಮೇಲೆ ನ್ಯೂ ವೇವ್ ಎನಿಸಿಕೊಂಡ ಟಾಕಿಂಗ್ ಹೆಡ್ಸ್. ಆಗ ಯಾರೂ ಗೆರೆ ಎಳೆದಿರಲಿಲ್ಲ. ಮನೆಯ ಉಪ್ಪಿಟ್ಟು ಹೋಟೆಲಿನಲ್ಲಿ ಖಾರಾಬಾತ್ ಆಗುವುದಿಲ್ಲವೇ, ಹಾಗೆ. ಅರಿಸಿನ, ಮಸಾಲೆಪುಡಿ ಬೀಳುತ್ತದೆ ನಿಜ, ರವೆ ಅದೇ. ಉಪ್ಪಿಟ್ಟು ಎಂದರೆ ತಟ್ಟೆ ದೂಡುವ ನಿನಗೆ ಈ ಹೋಲಿಕೆ ಹಿಡಿಸಲಿಕ್ಕಿಲ್ಲ.

ಎರಡೂ ಹಾಡುಗಳನ್ನು ಮೊಬೈಲಿಗೆ ಕಳಿಸಿದ್ದೇನೆ. ಅಪ್ಪ ವಾಕಿಂಗ್ ಹೋದಾಗ ಹಾಕು. ಚಟ್ನಿಪುಡಿಯ ವಿಷಯ ಅಮ್ಮನಿಗೆ ಮರೆಯದೆ ಹೇಳು.

ಇಂತಿ,
ನಿನ್ನ ತಮ್ಮ