ಅಣಬೆ ಮತ್ತು ಕರುಳು: ಪ್ರನಾಳದ ಫಲಿತಾಂಶವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಮಂಗಳೂರು, ಉಡುಪಿಯ ಮಾರುಕಟ್ಟೆಗಳಿಗೆ ಕಲ್ಲಣಬೆ ಬರುವ ಈ ದಿನಗಳಲ್ಲಿ, ಅಣಬೆಯ ಪುಡಿ ತುಂಬಿದ ಕ್ಯಾಪ್ಸೂಲುಗಳ ಜಾಹೀರಾತು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಅಣಬೆಯ ಆ್ಯಂಟಿಆಕ್ಸಿಡೆಂಟ್‌ಗಳು, ಅಂದರೆ ಜೀವಕೋಶಗಳಿಗೆ ಆಗುವ ಉತ್ಕರ್ಷಣದ ಹಾನಿಯನ್ನು ತಡೆಯಬಲ್ಲ ವಸ್ತುಗಳು, ಕರುಳನ್ನು ‘ಶುದ್ಧಗೊಳಿಸುತ್ತವೆ’ ಎಂಬುದು ಅದರ ಸಾರಾಂಶ. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಆ್ಯಂಟಿಆಕ್ಸಿಡೆಂಟ್ ಗುಣವನ್ನು ಅಳೆಯುವ ಸಾಮಾನ್ಯ ವಿಧಾನವೊಂದರಲ್ಲಿ ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಅಣಬೆಯ ಸಾರವನ್ನು ಬೆರೆಸುತ್ತಾರೆ. ಬಣ್ಣ ಹಳದಿಗೆ ತಿರುಗಿದಷ್ಟೂ ಗುಣ ಹೆಚ್ಚೆಂದು ಲೆಕ್ಕ. ಚಹಾವೂ ನೆಲ್ಲಿಕಾಯಿ ರಸವೂ ಇದೇ ಕೆಲಸವನ್ನು ಮಾಡುತ್ತವೆ. ಪ್ರನಾಳದಲ್ಲಿ ನಡೆದದ್ದೇ ಜಠರದ ಆಮ್ಲ, ಪಿತ್ತರಸ ಮತ್ತು ಅಸಂಖ್ಯ ಸೂಕ್ಷ್ಮಜೀವಿಗಳ ನಡುವೆಯೂ ನಡೆಯುತ್ತದೆ ಎನ್ನಲು ಆ ಪರೀಕ್ಷೆಯಲ್ಲಿ ಯಾವ ಆಧಾರವೂ ಇಲ್ಲ.

ಹಾಗೆಂದು ಅಣಬೆಯಲ್ಲಿ ವಿಶೇಷವಿಲ್ಲವೆಂದಲ್ಲ. ಗಂಧಕಯುಕ್ತವಾದ ಎರ್ಗೋಥಿಯೋನೀನ್ ಎಂಬ ವಸ್ತುವನ್ನು ಫ್ರಾನ್ಸಿನ ಶಾರ್ಲ್ ತಾನ್ರೆ 1909ರಲ್ಲಿ, ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಶಿಲೀಂಧ್ರದಲ್ಲಿ ಗುರುತಿಸಿದರು. ನಮ್ಮ ದೇಹ ಇದನ್ನು ತಯಾರಿಸಲಾರದು. ಆದರೂ ಇದನ್ನು ಒಳಗೆ ಸೇರಿಸಿಕೊಳ್ಳುವ ಸಾಗಣೆ ಪ್ರೋಟೀನ್ ಒಂದು ನಮ್ಮಲ್ಲಿದೆ ಎಂಬುದು 2005ರಲ್ಲಿ ತಿಳಿಯಿತು, ಸಣ್ಣ ಕರುಳಿನಲ್ಲಿಯೂ ಅದು ಇದೆ. ತಾನು ತಯಾರಿಸದ ವಸ್ತುವಿಗೆ ದೇಹ ಬಾಗಿಲು ತೆರೆದಿಟ್ಟಿದೆಯೆಂದರೆ ಅದಕ್ಕೇನೋ ಕೆಲಸವಿರಬೇಕೆಂಬ ಊಹೆ ಸಹಜ, ಆದರೆ ಊಹೆಯನ್ನು ಔಷಧವೆಂದು ಮಾರುವಂತಿಲ್ಲ. ಬೈಹುಲ್ಲಿನ ಮೇಲೆ ಬೆಳೆಯುವ ಸಿಂಪಿ ಅಣಬೆಯಲ್ಲಿ ಈ ವಸ್ತು ಧಾರಾಳವಾಗಿದೆ. ಬೇಯಿಸಿದರೆ ಅಷ್ಟಾಗಿ ಕೆಡುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಬೇಯಿಸಿದ ನೀರನ್ನು ಚೆಲ್ಲದ ನಮ್ಮ ಗಸಿ, ಸುಕ್ಕಗಳೇ ಇದಕ್ಕೆ ತಕ್ಕ ಅಡುಗೆ.

ಅಣಬೆಯ ಬೀಟಾ ಗ್ಲುಕಾನ್ ಎಂಬ ನಾರನ್ನು ಜೀರ್ಣಿಸುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳನ್ನು ತಲುಪಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಇಂತಹ ನಾರನ್ನು ಹುದುಗಿಸಿ ಬ್ಯೂಟಿರೇಟ್ ಮೊದಲಾದ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯೂಟಿರೇಟೇ ಮುಖ್ಯ ಇಂಧನ. ಇದು ನಾರಿನ ಗುಣವೇ ಹೊರತು ಆ್ಯಂಟಿಆಕ್ಸಿಡೆಂಟಿನದ್ದಲ್ಲ, ಹುರುಳಿಯಿಂದಲೂ ಬಾಳೆದಿಂಡಿನಿಂದಲೂ ದೊರೆಯುವಂಥದ್ದು. ಬಟನ್ ಅಣಬೆಯಲ್ಲಿರುವ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವಿನಿಂದ ಕೆಲವರಿಗೆ ಹೊಟ್ಟೆಯುಬ್ಬರವಾಗುತ್ತದೆ ಎಂಬುದನ್ನಂತೂ ಯಾವ ಜಾಹೀರಾತೂ ಹೇಳುವುದಿಲ್ಲ.

ಆ್ಯಂಟಿಆಕ್ಸಿಡೆಂಟ್ ಮಾತ್ರೆಯಾದರೆ ಹೇಗೂ ನಿರಪಾಯ ಎನ್ನುವವರು ಫಿನ್‌ಲ್ಯಾಂಡಿನ ಅನುಭವವನ್ನು ಗಮನಿಸಬೇಕು. ಸುಮಾರು 29,000 ಪುರುಷ ಧೂಮಪಾನಿಗಳ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ 18ರಷ್ಟು ಏರಿತ್ತು. ಅಣಬೆಗೂ ಅದಕ್ಕೂ ನೇರ ಸಂಬಂಧವಿಲ್ಲ ನಿಜ. ಆದರೆ ಆಹಾರದಿಂದ ಒಂದೇ ಅಂಶವನ್ನು ಹಿಂಡಿ ತೆಗೆದು ನುಂಗಿದರೆ ಆಹಾರದ ಫಲವೇ ಸಿಗುತ್ತದೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಅಣಬೆಯನ್ನು ಅಡುಗೆಮನೆಯ ಹೊಸ್ತಿಲು ದಾಟಿಸದ ನಮ್ಮ ಕೆಲವು ಮನೆಗಳಲ್ಲಿ ಅದರ ಕ್ಯಾಪ್ಸೂಲಿಗೆ ಮಾತ್ರ ಮಡಿ ಅಡ್ಡಬಾರದಿರುವುದು ನನಗೆ ಸೋಜಿಗದ ಸಂಗತಿ.

ಇದೇ ಉತ್ಸಾಹದಲ್ಲಿ ಗುಡ್ಡೆಯ ಗುರುತಿಲ್ಲದ ಅಣಬೆಯನ್ನು ಯಾರೂ ಕಿತ್ತು ತರದಿರಲಿ. ಕೆಲವು ಕಾಡು ಅಣಬೆಗಳಲ್ಲಿರುವ, ಯಕೃತ್ತನ್ನು ಹಾಳುಮಾಡುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ನಾಶವಾಗುವುದಿಲ್ಲ, ವಾಂತಿ ಭೇದಿ ಶುರುವಾಗುವಾಗ ಸಾಮಾನ್ಯವಾಗಿ ಆರು ಗಂಟೆಗಳಿಗೂ ಹೆಚ್ಚು ಕಾಲ ಕಳೆದಿರುತ್ತದೆ.

ತಮ್ಮಲ್ಲಿ ನನ್ನ ವಿನಂತಿಯಿಷ್ಟೆ: ಆರೋಗ್ಯ ಪುಟದಲ್ಲಿ ಇಂತಹ ಸಂಶೋಧನೆಯ ಸುದ್ದಿ ಬಂದಾಗ, ಅದು ಪ್ರನಾಳದಲ್ಲಿ ಕಂಡದ್ದೋ, ಇಲಿಗಳಲ್ಲಿ ಕಂಡದ್ದೋ, ಮನುಷ್ಯರಲ್ಲಿ ಕಂಡದ್ದೋ, ಮನುಷ್ಯರಲ್ಲಾದರೆ ಎಷ್ಟು ಮಂದಿಯಲ್ಲಿ ಎಂಬುದನ್ನು ಶೀರ್ಷಿಕೆಯ ಕೆಳಗೇ ಒಂದು ಸಾಲಿನಲ್ಲಿ ಮುದ್ರಿಸಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕುಂಜಿಬೆಟ್ಟು, ಉಡುಪಿ