ಬುರುಡೆ ನೋಡಿ ಹೆದರಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ ನೀನು ಅತ್ತಿದ್ದು ಇನ್ನೂ ಕಿವೀಲೇ ಇದೆ. ವೈವಾ ಅನ್ನೋ ಮೌಖಿಕ ಪರೀಕ್ಷೇಲಿ ಮೇಡಂ ಬುರುಡೆ ಕೈಗೆ ಕೊಟ್ಟ ತಕ್ಷಣ ಬಾಯೇ ಕಟ್ಟೋಯ್ತು ದೊಡ್ಡಮ್ಮ, ಈ ಹಲ್ಲಿನ ಡಾಕ್ಟ್ರ ಓದು, ಬಿಡಿಎಸ್, ನನ್ನ ಕೈಲಾಗಲ್ಲ ಅಂದ್ಯಲ್ಲ, ಆಗುತ್ತೆ ಕಣೆ. ಮೂವತ್ತು ವರ್ಷ ನಿನ್ನಂಥ ಮಕ್ಕಳಿಗೇ ಪಾಠ ಮಾಡಿದೀನಿ, ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ. ನೀನು ಹೆಸರುಗಳನ್ನ ಉರು ಹೊಡೀತಿದೀಯ, ಅದಕ್ಕೇ ತಲೇಲಿ ನಿಲ್ತಿಲ್ಲ. ಬೆರಳಲ್ಲಿ ಓದು.

ಲೆಕ್ಕ ಏನೂ ದೊಡ್ಡದಲ್ಲ. ಒಟ್ಟು 22 ಮೂಳೆ, ಮೆದುಳನ್ನ ಮುಚ್ಚಿರೋದು 8, ಮುಖದ್ದು 14. ಮುಖದಲ್ಲಿ ಒಂಟಿ ಅಂದ್ರೆ ಕೆಳದವಡೆಯ ಮ್ಯಾಂಡಿಬಲ್ಲು, ಮೂಗಿನ ನಡುಗೋಡೆಯ ವೋಮರ್ರು ಎರಡೇ, ಮಿಕ್ಕಿದ್ದೆಲ್ಲ ಜೋಡಿ.

ಈಗ ಕನ್ನಡಿ ಮುಂದೆ ಕೂತ್ಕೋ. ಹುಬ್ಬಿನ ಕೆಳಗೆ ಕಣ್ಣಿನ ಗೂಡಿನ ಮೇಲಂಚಲ್ಲಿ ಬೆರಳು ಆಡಿಸ್ತಾ ಹೋಗು, ಮೂಗಿನ ಕಡೆಗೆ ಸಣ್ಣದೊಂದು ಕಚ್ಚು ಸಿಗುತ್ತೆ, ಒತ್ತಿದ್ರೆ ನೋಯುತ್ತೆ. ಅಲ್ಲಿಂದ ನೇರ ಕೆಳಗಿಳಿದು ಕಣ್ಣಿನ ಕೆಳಗಿನ ಅಂಚು ದಾಟಿದ ಮೇಲೆ ಇನ್ನೊಂದು ತೂತು, ಇನ್ನೂ ಕೆಳಗೆ ಗದ್ದದ ಪಕ್ಕ ಮತ್ತೊಂದು. ಮೂರೂ ಹೆಚ್ಚೂ ಕಮ್ಮಿ ಒಂದೇ ಗೆರೇಲಿವೆ, ಮೂರರಲ್ಲೂ ಮುಖದ ಸ್ಪರ್ಶ ತಿಳಿಸೋ ಟ್ರೈಜೆಮಿನಲ್ ನರದ ಒಂದೊಂದು ಕವಲು ಹೊರಗೆ ಬರುತ್ತೆ. ನಾಳೆ ಕೆನ್ನೆಗೆ ಕ್ರಿಕೆಟ್ ಬಾಲ್ ಬಿದ್ದ ಹುಡುಗ ಬಂದು ಡಾಕ್ಟ್ರೇ ಮೇಲ್ದುಟಿ ಜೋಮು ಹಿಡಿದಂಗಿದೆ ಅಂದ್ರೆ ನಿನ್ನ ಬೆರಳು ತಾನಾಗೇ ಆ ನಡುವಿನ ತೂತಿನ ಹತ್ರ ಹೋಗ್ಬೇಕು, ಕಣ್ಣಿನ ಗೂಡಿನ ತಳ ಬಿರಿದಿದೆಯೇನೋ ಅಂತ ಅನುಮಾನ ಬರ್ಬೇಕು.

ಆಮೇಲೆ ಕಿವಿ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚು. ಬೆರಳಿನ ಕೆಳಗೆ ಜಾರ್ತಾ ಇರೋದೇ ಕಾಂಡೈಲು, ಕೆಳದವಡೆಯ ಮೇಲ್ತುದಿಯ ಗುಂಡು. ಮಗು ಗದ್ದ ಊರಿ ಬಿದ್ರೆ ಪೆಟ್ಟು ಗದ್ದಕ್ಕೆ, ಆದ್ರೆ ಎಷ್ಟೋ ಸಲ ಮುರಿಯೋದು ಈ ಕಾಂಡೈಲಿನ ಕುತ್ತಿಗೆ. ಗದ್ದಕ್ಕೆ ಹೊಲಿಗೆ ಹಾಕಿ ಮನೆಗೆ ಕಳಿಸಿಬಿಡ್ತಾರೆ, ಕಿವಿ ಮುಂದೆ ಯಾರೂ ಮುಟ್ಟಿ ನೋಡಿರಲ್ಲ. ವರ್ಷಗಳಾದ ಮೇಲೆ ದವಡೆ ಕೀಲು ಅಂಟ್ಕೊಂಡು ಬಾಯಿಗೆ ಒಂದು ಬೆರಳೂ ಹೋಗದ ಸ್ಥಿತೀಲಿ ಅದೇ ಮಗೂನ ಎತ್ಕೊಂಡು ತಾಯಿ ಬರ್ತಾಳೆ. ಅಂಥ ತಾಯಂದಿರನ್ನ ನಾನು ನೋಡಿದೀನಿ ಪುಟ್ಟಿ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮುಖಕ್ಕೆ ಪೆಟ್ಟು ಬಿದ್ದ ಯಾರೇ ಬರಲಿ, ಹಲ್ಲು ಮೊದಲಿನ ಥರಾನೇ ಕೂಡುತ್ತಾ ಅಂತ ಕೇಳೋದು ಮಾತ್ರ ಮರೀಬೇಡ, ದವಡೆ ಕೂದಲೆಳೆಯಷ್ಟು ಸರಿದಿದ್ರೂ ಪೇಷೆಂಟಿಗೆ ಗೊತ್ತಾಗುತ್ತೆ.

ಇನ್ನು ಕಣತಲೆ. ಹಣೆಯ ಫ್ರಾಂಟಲ್, ನೆತ್ತಿಯ ಪರೈಟಲ್, ಕಿವಿ ಪಕ್ಕದ ಟೆಂಪೊರಲ್, ಬುರುಡೆ ತಳದ ಸ್ಫಿನಾಯ್ಡ್ ನಾಲ್ಕೂ ಮೂಳೆ ಸೇರೋ ಆ ಜಾಗಕ್ಕೆ ಪ್ಟೀರಿಯಾನ್ ಅಂತ ಹೆಸರು, ಮೂಳೆ ಅಲ್ಲಿ ತೆಳು. ಬುರುಡೆಯ ಮೇಲ್ಭಾಗ ಬಿಚ್ಚಿ ಒಳಗಡೆ ನೋಡು, ಅರಳಿ ಎಲೆಯ ನರದ ಥರ ಗೆರೆ ಕವಲೊಡೆದಿರುತ್ತೆ, ಮಿಡ್ಲ್ ಮೆನಿಂಜಿಯಲ್ ಆರ್ಟರಿ ಅನ್ನೋ ರಕ್ತನಾಳ ಮೂಳೆಗೆ ಒತ್ತಿಕೊಂಡು ಸಾಗಿದ ಗುರುತು ಅದು. ಅಲ್ಲಿ ಮೂಳೆ ಬಿರಿದು ಆ ನಾಳ ಕಿತ್ರೆ ಒಳಗೇ ರಕ್ತ ಕಟ್ಟಿ ಮೆದುಳನ್ನ ಒತ್ತುತ್ತೆ. ನಾನು ಓದ್ತಿದ್ದಾಗ ನನ್ನ ಜೊತೆಯ ಹುಡುಗ ಒಬ್ಬ ಸ್ಕೂಟರಿಂದ ಬಿದ್ದ, ಹೆಲ್ಮೆಟ್ ಇರ್ಲಿಲ್ಲ. ಒಂದೆರಡು ನಿಮಿಷ ಪ್ರಜ್ಞೆ ತಪ್ಪಿ ಎದ್ದು ಕೂತು ಮಾತಾಡಿದ, ಕಾಫಿ ಕುಡಿದ, ಹತ್ತಿರದ ನರ್ಸಿಂಗ್ ಹೋಮಲ್ಲಿ ಏನಿಲ್ಲ ಹೋಗಿ ಮಲಗಪ್ಪ ಅಂತ ಕಳಿಸಿದ್ರು. ರಾತ್ರಿ ವಾಂತಿ ಶುರುವಾಯ್ತು, ಒಂದು ಕಣ್ಣಿನ ಪಾಪೆ ದೊಡ್ಡದಾಯ್ತು, ಬೆಳಗಾಗೋದ್ರೊಳಗೆ ಹೋಗ್ಬಿಟ್ಟ. ಆ ಗೆರೆ ನಾವೆಲ್ಲ ಪರೀಕ್ಷೆಗೆ ಓದಿದ್ವಿ, ಅವನೂ ಓದಿದ್ದ. ಮಧ್ಯೆ ಚೆನ್ನಾಗಿ ಮಾತಾಡ್ತಿರೋ ಆ ಹೊತ್ತೇ ಅಪಾಯದ್ದು ಅಂತ ಆವತ್ತು ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ಲ.

ನಮ್ಮಜ್ಜಿ ಬಾಣಂತಿ ಮನೇಲಿ ಮಗೂಗೆ ಹರಳೆಣ್ಣೆ ಹಚ್ತಾ ನೆತ್ತಿ ಇನ್ನೂ ಕೂಡಿಲ್ಲ ಮೆತ್ತಗೆ ಅಂತಿದ್ರು. ಮುಂದಿನ ಆ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕೂಡುತ್ತೆ. ಬುರುಡೆ ಮೇಲಿನ ಹೊಲಿಗೆಯಂಥ ಅಂಕುಡೊಂಕು ಗೆರೆಗಳನ್ನೇ ಬ್ರಹ್ಮ ಬರೆದ ಹಣೆಬರಹ ಅಂತ ಹಿರಿಯರು ನಂಬಿದ್ರಲ್ಲ, ನಾನು ಕ್ಲಾಸಲ್ಲಿ ಸೂಚರ್ ಪಾಠ ಯಾವಾಗ್ಲೂ ಅಲ್ಲಿಂದಾನೇ ಶುರು ಮಾಡ್ತಿದ್ದೆ, ಮಕ್ಕಳು ಆ ಗೆರೆ ಮರೀತಾನೇ ಇರ್ಲಿಲ್ಲ.

ಇನ್ನೊಂದು ಮಾತು, ಕಣ್ಣಿನ ಗೂಡಿಗೆ ಬೆರಳು ಹಾಕಿ ಬುರುಡೆ ಎತ್ತಬೇಡ. ಒಳಗೋಡೆ ಎಷ್ಟು ತೆಳು ಅಂದ್ರೆ ಬೆಳಕಿಗೆ ಹಿಡಿದ್ರೆ ಆ ಕಡೆಯಿಂದ ಬೆಳಕು ಕಾಣುತ್ತೆ, ಅಲ್ಲಿರೋ ಲ್ಯಾಕ್ರಿಮಲ್ ಅನ್ನೋ ಮೂಳೆ ಕಿರುಬೆರಳ ಉಗುರಿನಷ್ಟು, ಒಂದ್ಸಲ ಒಡೆದ್ರೆ ಮುಗೀತು. ಎರಡೂ ಕೈಯಲ್ಲಿ ಹಿಡಿ. ಮೇಜಿನ ಮೇಲೆ ಹಾಗೇ ಬಿಸಾಕ್ಬೇಡ, ಅದರ ಜೊತೆ ಫೋಟೋ ತೆಗೆದು ಸ್ಟೇಟಸ್ ಹಾಕ್ಬೇಡ. ಅದೂ ಒಬ್ರ ಮುಖ ಆಗಿತ್ತು, ಅವರನ್ನೂ ಯಾರೋ ಮುದ್ದು ಮಾಡಿದ್ರು.

ಭಾನುವಾರ ಬೆಳಗ್ಗೆನೇ ಬಂದ್ಬಿಡು. ಅಟ್ಟದ ಮೇಲೆ ನನ್ನ ಹಳೇ ಬೋನ್ ಸೆಟ್ಟಿದೆ, ಇಳಿಸಿ ಧೂಳು ಒರೆಸಿ ಇಟ್ಟಿರ್ತೀನಿ. ದವಡೆಯ ಬಲಗಡೆ ಕಾಂಡೈಲು ಸ್ವಲ್ಪ ಚಕ್ಕೆ ಎದ್ದಿದೆ, ಅದನ್ನ ಮಾತ್ರ ಜೋಪಾನವಾಗಿ ಹಿಡ್ಕೋ.

ನಿನ್ನ ದೊಡ್ಡಮ್ಮ